‘ಸಿಮ್ಸ್’ ಗೇಮ್: ಅಂದ ಹೆಚ್ಚಿತು, ಸತ್ವ ತಗ್ಗಿತು

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆಯಲ್ಲಿ ಬಿಸಿಲಿಗೆ ಅಂಜಿ ಮಧ್ಯಾಹ್ನವಿಡೀ ಮನೆಯೊಳಗೇ ಉಳಿಯುವ ಕಲಬುರಗಿಯ ನಮ್ಮ ಓಣಿಯ ಮಕ್ಕಳು ಈಗ, ಪಾತ್ರಗಳನ್ನು ಸೃಷ್ಟಿಸಿ ಅವುಗಳ ದಿನನಿತ್ಯದ ಬದುಕನ್ನು ನಡೆಸುವ ‘ದಿ ಸಿಮ್ಸ್ 4’ ಎಂಬ ಕಂಪ್ಯೂಟರ್ ಗೇಮ್ ಆಡುತ್ತಿದ್ದಾರೆ. 2022ರ ಅಕ್ಟೋಬರ್‌ನಿಂದ ಅದರ ಮೂಲ ಗೇಮ್ ಉಚಿತವಾಗಿ ಸಿಗುತ್ತಿರುವುದು ಸಂತೋಷವೇ. ಆದರೆ ಸಿಮ್ಸ್ ಎಂದರೆ ಇಷ್ಟೇ ಎಂದು ಅವರು ತಿಳಿಯುತ್ತಿರುವುದು, ಈ ಸರಣಿಯನ್ನು ಮೊದಲಿನಿಂದ ಆಡುತ್ತ ಬಂದಿರುವ ನನ್ನಂಥವರಿಗೆ ನೋವಿನ ಸಂಗತಿ.

2000ದಲ್ಲಿ ಬಂದ, ಗೇಮ್ ವಿನ್ಯಾಸಕ ವಿಲ್ ರೈಟ್ ರೂಪಿಸಿದ ಮೊದಲ ಆವೃತ್ತಿ, ಮನೆ ಕಟ್ಟಿ, ನೌಕರಿಗೆ ಹೋಗಿ, ಸಂಸಾರ ತೂಗಿಸುವುದನ್ನೇ ಆಟವಾಗಿಸಿತು. ಅಲ್ಲಿ ಮಕ್ಕಳು ಎಂದೂ ದೊಡ್ಡವರಾಗುತ್ತಿರಲಿಲ್ಲ. ಆ ಕೊರತೆಯನ್ನು ನೀಗಿಸಿದ್ದು 2004ರ ಎರಡನೆಯ ಆವೃತ್ತಿ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಅದೇ ಶ್ರೇಷ್ಠ. ಹುಟ್ಟಿದ ಮಗುವಿನ ಮುಖದಲ್ಲಿ ತಾಯಿಯ ಮೂಗು, ತಂದೆಯ ಕಣ್ಣು ಕಾಣುತ್ತಿದ್ದವು. ಅಂಬೆಗಾಲಿಡುವ ಕೂಸಿಗೆ ಹಿರಿಯರು ಕೈಹಿಡಿದು ನಡಿಗೆ ಕಲಿಸಬೇಕಿತ್ತು, ಮಾತು ಕಲಿಸಬೇಕಿತ್ತು. ಮನೆಯಲ್ಲಿ ಅಜ್ಜಿ ತೀರಿಕೊಂಡರೆ ಆ ಸಾವು ಮೊಮ್ಮಗನ ನೆನಪಿನ ಪಟ್ಟಿಯಲ್ಲಿ ಕೊನೆತನಕ ಉಳಿಯುತ್ತಿತ್ತು. ಪಾತ್ರಗಳಿಗೆ ಬಯಕೆಗಳಿದ್ದಂತೆ ಭಯಗಳೂ ಇದ್ದುದರಿಂದ, ಆಡುವವರು ಅವುಗಳ ಮನಸ್ಸನ್ನು ಅರಿತು ನಡೆಯಬೇಕಿತ್ತು.

2009ರ ಮೂರನೆಯದು ಸಾಮಾನ್ಯ ಕಂಪ್ಯೂಟರ್‌ಗಳಿಗೆ ಭಾರವಾಯಿತು, ನಿಜ. ಆದರೂ ಮನೆಯಿಂದ ಹೊರಟ ಪಾತ್ರದ ಬೆನ್ನಿಗೇ ಇಡೀ ಊರು ಸುತ್ತಿ ಬರಬಹುದಾದ ಸುಖ ಅದರಲ್ಲಿತ್ತು. 2014ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಪಕ್ಕದ ಮನೆಗೆ ಹೋಗಬೇಕಾದರೂ ಲೋಡಿಂಗ್ ಪರದೆಯ ಮುಂದೆ ಕಾಯಬೇಕು. ಬಿಡುಗಡೆಯಾದಾಗ ಅದರಲ್ಲಿ ಈಜುಕೊಳಗಳೇ ಇರಲಿಲ್ಲ. ಅಂಬೆಗಾಲಿನ ಮಕ್ಕಳು ಬಂದದ್ದು 2017ರ ಜನವರಿಯಲ್ಲಿ. ಕೋಣೆಯನ್ನು ಇಡಿಯಾಗಿ ಎತ್ತಿ ಸರಿಸುವಷ್ಟು ಸಲೀಸಾದ ಮನೆ ಕಟ್ಟುವ ಸೌಲಭ್ಯವನ್ನು, ಪಾತ್ರದ ಮುಖವನ್ನು ಮೌಸ್‌ನಿಂದಲೇ ತಿದ್ದುವ ಅನುಕೂಲವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅಷ್ಟು ಚೆಂದದ ಮನೆಯಲ್ಲಿ ಬಾಳುವವರ ಬದುಕು ಹಿಂದಿನಷ್ಟು ಗಾಢವಾಗಿಲ್ಲ.

ಆಟದೊಳಗೆ ಮಳೆ, ಚಳಿ, ಸಾಕುಪ್ರಾಣಿಗಳು ಬೇಕೆಂದರೆ ಬೇರೆ ದುಡ್ಡು ಕೊಡುವುದು ಹೊಸದಲ್ಲ. ಮೊದಲ ಆವೃತ್ತಿಗೇ ಏಳು ಎಕ್ಸ್‌ಪ್ಯಾನ್ಷನ್ ಪ್ಯಾಕ್‌ಗಳು, ಅಂದರೆ ಮೂಲ ಗೇಮಿಗೆ ಹಣ ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳು, ಬಂದಿದ್ದವು. ಆದರೆ ಎರಡನೆಯ ಆವೃತ್ತಿಯ ಮೂಲ ಗೇಮ್ ಒಂದೇ ಕೊಂಡವರಿಗೂ ತಲೆಮಾರುಗಳ ಕಾಲ ಆಡುವಷ್ಟು ಸರಕಿತ್ತು. ಈಗ ಉಚಿತವೆಂದು ಇಳಿಸಿಕೊಂಡ ಮಕ್ಕಳು ಕೆಲವೇ ದಿನಗಳಲ್ಲಿ ಒಂದೊಂದೇ ಪ್ಯಾಕ್ ಕೊಡಿಸುವಂತೆ ಹೆತ್ತವರ ದುಂಬಾಲು ಬೀಳುತ್ತಾರೆ.

ಮೊದಲೆರಡು ಆವೃತ್ತಿಗಳು 2025ರ ಜನವರಿಯಲ್ಲಿ ಕಂಪ್ಯೂಟರ್‌ಗಳಿಗೆ ಮತ್ತೆ ಬಿಡುಗಡೆಯಾಗಿವೆ. ಆದ್ದರಿಂದ ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಇಂಥ ಗೇಮ್‌ಗಳ ಬಗ್ಗೆ ಬರೆಯುವಾಗ, ಮೂಲ ಗೇಮಿನಲ್ಲಿ ಏನಿದೆ, ಯಾವುದಕ್ಕೆ ಹಣ ತೆರಬೇಕು, ಹಳೆಯ ಆವೃತ್ತಿಯಲ್ಲಿದ್ದ ಯಾವುದು ಈಗಿಲ್ಲ ಎಂಬುದನ್ನೂ ತಿಳಿಸಬೇಕೆಂದು ವಿನಂತಿಸುತ್ತೇನೆ.

– ಓದುಗ, ಬ್ರಹ್ಮಪುರ, ಕಲಬುರಗಿ