ಬಿಳಿ ಕುಲಾವಿ ಯಾರ ಟೋಪಿ?

ಮಾನ್ಯ ಸಂಪಾದಕರೇ,

ಹಾಸನದಲ್ಲಿ 30 ವರ್ಷಗಳಿಂದ ಟೈಲರ್ ಕೆಲಸ ಮಾಡುತ್ತಿದ್ದೇನೆ. ಮೊನ್ನೆ ಮೊಮ್ಮಗನಿಗೆ ಹೊಲಿದ ಬಿಳಿ ಕುಲಾವಿ ನೋಡಿ ಗಿರಾಕಿಯೊಬ್ಬರು, ‘ಇದು ಅವರ ಟೋಪಿ ಅಲ್ವಾ?’ ಎಂದು ಮುಖ ಸಿಂಡರಿಸಿದರು. ತುಂಬಾ ಬೇಜಾರಾಯಿತು.

ಮುಸ್ಲಿಮರು ನಮಾಜಿಗೆ ಇಂಥ ಟೋಪಿ ಹಾಕುತ್ತಾರೆ, ನಿಜ. ಯಹೂದಿಗಳಿಗೆ ಕಿಪ್ಪಾ ಎಂಬ ಪುಟ್ಟ ಟೋಪಿ ಇದೆ. ಕ್ರೈಸ್ತರಲ್ಲಿ ಪೋಪ್ ಅವರ ಟೋಪಿ ಬಿಳಿ, ಅವರ ಕೆಳಗಿನ ಹಿರಿಯ ಪಾದ್ರಿಗಳಾದ ಕಾರ್ಡಿನಲ್‌ಗಳದು ಕೆಂಪು. ನೆತ್ತಿ ಬೋಳಿಸಿಕೊಳ್ಳುತ್ತಿದ್ದ ಪಾದ್ರಿಗಳಿಗೆ ಚಳಿ ತಡೆಯಲು ಬಂದದ್ದು ಅದು. ಎಂಟು ತುಂಡು ಸೇರಿಸಿ ಹೊಲಿಯುತ್ತಾರೆ.

ನಾನು ಕುಲಾವಿಗೆ ಆರು ತುಂಡು ಕತ್ತರಿಸುತ್ತೇನೆ. ತುದಿಗಳು ಕೂಡುವ ಕಡೆ ಹೊಲಿಗೆ ಗಂಟಾಗದಂತೆ ಉಗುರಿನಿಂದ ತೀಡುತ್ತೇನೆ. ಕೂಸಿನ ನೆತ್ತಿ ಮೆತ್ತಗಿರುತ್ತದಲ್ಲ, ಒತ್ತಬಾರದು.

ಆ ಗಿರಾಕಿಯ ಮಗ ಹುಟ್ಟಿದಾಗಲೂ ಕುಲಾವಿ ಹೊಲಿದುಕೊಟ್ಟವನು ನಾನೇ. ಅದೂ ಬಿಳಿ ಬಟ್ಟೆಯದೇ.

– ಒಬ್ಬ ಟೈಲರ್, ಹಾಸನ