ವಾರಮ್ ಪರ್ಸಿಗೆ ಹೊರಡುವ ಮುನ್ನ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಂಗ್ಲೆಂಡಿನ ಯಾರ್ಕ್‌ನಿಂದ ವಾರಮ್ ಪರ್ಸಿಗೆ ಹೋಗುತ್ತೇನೆಂದು ಬರೆದಿದ್ದೀಯ. ನಮ್ಮ ಕಂದಾಯದ ಕಡತಗಳಲ್ಲಿ ಬರುವ ಬೇಚರಾಕ್ ಗ್ರಾಮ, ಅಂದರೆ ಜನವಸತಿಯಿಲ್ಲದ ಊರು, ಇದ್ದ ಹಾಗೆ ಅದು. ಹುಲ್ಲುಗಾವಲು, ಸೂರಿಲ್ಲದ ಒಂದು ಚರ್ಚು, ಅಷ್ಟೇ. ನಡುಮಧ್ಯಾಹ್ನ ಹೋದರೆ ಹುಲ್ಲು ನೋಡಿಕೊಂಡು ವಾಪಸು ಬರುತ್ತೀಯ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗು. ಆಗ ಮನೆಗಳ ತಳಪಾಯ, ಹಿತ್ತಿಲ ಗಡಿ, ತುಳಿದೂ ತುಳಿದೂ ತಗ್ಗಾದ ಬಂಡಿದಾರಿ, ಎಲ್ಲದರ ನೆರಳೂ ನೆಲದ ಮೇಲೆ ಮೂಡುತ್ತದೆ. ಕಾರು ನಿಲ್ಲಿಸಿದ ಮೇಲೆ ಕಿಲೋಮೀಟರಿಗೂ ಮಿಕ್ಕಿ ನಡೆಯಬೇಕು. ಮಳೆ ಬಿದ್ದಿದ್ದರೆ ದಾರಿ ಜಾರುತ್ತದೆ, ಚಪ್ಪಲಿ ಬೇಡ.

ಸೇಂಟ್ ಮಾರ್ಟಿನ್ ಚರ್ಚಿನ ಒಳಗೆ ನುಗ್ಗಬೇಡ, ಮೊದಲು ಹೊರಗೋಡೆ ನೋಡು. ಗೋಡೆಯಲ್ಲಿ ಹೂತುಹೋದಂತೆ ಕಮಾನುಗಳಿವೆ. ಅಲಂಕಾರ ಅಂದುಕೊಂಡೀಯೆ. 12ನೇ ಶತಮಾನದ ಕೊನೆಗೆ, ಜನ ಹೆಚ್ಚಿದಾಗ, ದಕ್ಷಿಣದ ಗೋಡೆಗೆ ಕಮಾನು ತೆರೆದು ಪಕ್ಕಕ್ಕೊಂದು ಪಡಸಾಲೆ ಕೂಡಿಸಿದರು, ಆಮೇಲೆ ಉತ್ತರಕ್ಕೂ. ಜನ ಕರಗಿದಾಗ ಪಡಸಾಲೆ ಕೆಡವಿ, ಕಮಾನಿನ ಬಾಯಿಗೆ ಕಲ್ಲು ತುಂಬಿ, ಕೆಡವಿದ ಕಡೆಯ ಕಿಟಕಿಗಳನ್ನೇ ತಂದು ಕೂರಿಸಿದರು. ದುಡ್ಡಿಲ್ಲದವರ ಕಟ್ಟಡ ಎಲ್ಲ ಕಡೆಯೂ ಒಂದೇ ಥರ! ಊರಿನ ಜನಸಂಖ್ಯೆಗೆ ಇದಕ್ಕಿಂತ ಒಳ್ಳೆಯ ಲೆಕ್ಕಪುಸ್ತಕ ನಿನಗೆ ಸಿಗದು.

‘ಪ್ಲೇಗಿಗೆ ಊರು ಖಾಲಿಯಾಯಿತು’ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡ. 1349ರಲ್ಲಿ ಪ್ಲೇಗು ಬಂದದ್ದು ನಿಜ, ಆದರೆ 1368ರಲ್ಲೂ ಸುಮಾರು 30 ಮನೆಗಳಲ್ಲಿ ಒಲೆ ಉರಿಯುತ್ತಿತ್ತು. ಊರು ಬಿಡಿಸಿದ್ದು ಕುರಿ. ಹೊಲಕ್ಕೆ ಹತ್ತಾರು ಕೈ ಬೇಕು, ಮಂದೆಗೆ ಒಬ್ಬ ಕುರುಬ ಸಾಕು. ಉಣ್ಣೆಗೆ ಬೆಲೆ ಬಂದ ಮೇಲೆ ಜಮೀನ್ದಾರನಿಗೆ ಒಕ್ಕಲು ಯಾಕೆ? ನಾಲ್ಕು ನೇಗಿಲು ನಿಂತವು, ನಾಲ್ಕು ಮನೆ ಪಾಳುಬಿದ್ದವು ಎಂದು 1517ರ ಸರ್ಕಾರಿ ವಿಚಾರಣೆಯಲ್ಲಿ ದಾಖಲಾಗಿದೆ. ಅಷ್ಟರೊಳಗೆ ಊರು ಮುಗಿದಿತ್ತು.

ಊರಿಲ್ಲದೆಯೂ ಚರ್ಚು ನಡೆಯಿತು, ಯಾಕೆಂದರೆ ಥಿಕ್ಸೆಂಡೇಲ್‌ನಂಥ ಸುತ್ತಲ ಹಳ್ಳಿಗಳಿಗೂ ಅದೇ ಚರ್ಚು. 1870ರಲ್ಲಿ ಥಿಕ್ಸೆಂಡೇಲ್‌ಗೆ ಸ್ವಂತ ಚರ್ಚಾದ ಮೇಲೆ ಇಲ್ಲಿಗೆ ಬರುವವರು ಕಡಿಮೆಯಾದರು. 1949ರಲ್ಲಿ ಕೊನೆಯ ಪ್ರಾರ್ಥನೆ. 1959ರಲ್ಲಿ ಗೋಪುರ ಅರ್ಧ ಕುಸಿಯಿತು. ಉಳಿದರ್ಧದ ಕೆಳಗೆ ನಿಂತು ಮೇಲೆ ನೋಡಿದರೆ ಗೋಡೆಯ ದಪ್ಪವೆಷ್ಟೆಂದು ತಿಳಿಯುತ್ತದೆ. ಇತಿಹಾಸಕಾರ ಬೆರೆಸ್‌ಫರ್ಡ್ ಮತ್ತು ಪುರಾತತ್ವಜ್ಞ ಹರ್ಸ್ಟ್ 1950ರಿಂದ 1990ರವರೆಗೆ ಪ್ರತಿ ಬೇಸಿಗೆ ಅಗೆಸಿದ್ದು ಈ ಊರನ್ನೇ. ಚರ್ಚಿನ ಸುತ್ತಲೇ 700ರ ಹತ್ತಿರ ಅಸ್ಥಿಪಂಜರ ಸಿಕ್ಕವು.

ಬುತ್ತಿ, ನೀರು ಕಟ್ಟಿಕೊಂಡು ಹೋಗು. ಅಲ್ಲಿ ಅಂಗಡಿಯಿಲ್ಲ.

ನಿನ್ನ ದೊಡ್ಡಪ್ಪ