ಬೀಜದ ಪೊಟ್ಟಣದ ಮೇಲೆ ಇನ್ನೊಂದು ಸಾಲು ಬೇಕು

ಮಾನ್ಯ ಕೃಷಿ ಸಚಿವರಿಗೆ,

ನಮಸ್ಕಾರ. ನಾನು ತರಕಾರಿ ಸಸಿ ಬೆಳೆಸಿ ಮಾರುವವನು. ಬೀಜದ ಪೊಟ್ಟಣ ಕೈಗೆ ಬಂದ ಕೂಡಲೇ ಮೊಳಕೆ ಪ್ರಮಾಣ ನೋಡುತ್ತೇನೆ. ಅದು ಅಚ್ಚಾಗಿರುತ್ತದೆ. ಬೀಜದಲ್ಲಿ ರೋಗ ಕೂತಿದೆಯೇ ಎಂಬುದು ಮಾತ್ರ ಬಹಳ ಸಲ ಇರುವುದೇ ಇಲ್ಲ.

ಎಲೆಕೋಸಿನ ಕಪ್ಪು ಕೊಳೆ ರೋಗವನ್ನೇ ನೋಡಿ. ಅದನ್ನು ತರುವ ಕ್ಸಾಂಥೊಮೊನಾಸ್ ಎಂಬ ದುಂಡಾಣು ಬೀಜದ ಜೊತೆಗೇ ಬರುತ್ತದೆ. ಬೀಜ ಚೆನ್ನಾಗಿಯೇ ಮೊಳೆಯುತ್ತದೆ, ಸಸಿ ಹಸಿರಾಗಿಯೇ ಇರುತ್ತದೆ. ಟ್ರೇಗಳಿಗೆ ಮೇಲಿನಿಂದ ನೀರು ಹಾಕುತ್ತೇವಲ್ಲ, ಹನಿ ಸಿಡಿದಲ್ಲೆಲ್ಲ ರೋಗವೂ ಹೋಗುತ್ತದೆ. ಎಲೆಯ ಅಂಚು ಹಳದಿಯಾಗಿ ನರ ಕಪ್ಪಾಗುವ ಹೊತ್ತಿಗೆ ಸಸಿ ಎಷ್ಟೋ ಹೊಲ ಸೇರಿರುತ್ತದೆ. ಬೈಗುಳ ಮಾತ್ರ ನಮಗೆ.

ಪರೀಕ್ಷೆ ಇಲ್ಲ ಅಂತಲ್ಲ. ಬೀಜವನ್ನು ದ್ರಾವಣದಲ್ಲಿ ಅಲುಗಾಡಿಸಿ, ಆ ತೊಳೆದ ನೀರನ್ನು ಲ್ಯಾಬಿನ ತಟ್ಟೆಗಳಲ್ಲಿ ಹಚ್ಚಿ, ದುಂಡಾಣು ಬೆಳೆಯುತ್ತದೆಯೇ ನೋಡುತ್ತಾರೆ. ಅನುಮಾನ ಬಂದರೆ ದುಂಡಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡುತ್ತಾರೆ, ಎಳೆ ಸಸಿಗೆ ಚುಚ್ಚಿ ರೋಗ ಬರುತ್ತದೆಯೇ ಎಂದೂ ನೋಡುತ್ತಾರೆ. ಬರೀ ಪಿಸಿಆರ್ ಸಾಲದು. ಸತ್ತ ದುಂಡಾಣುವಿನ ಡಿಎನ್‌ಎ ಸಿಕ್ಕರೂ ಅದು 'ಇದೆ' ಅನ್ನುತ್ತದೆ. 50 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು ರೋಗ ಕಳೆದ ಬೀಜಕ್ಕೆ ಇದು ಅನ್ಯಾಯ ಅಲ್ವಾ?

ನನ್ನ ತಕರಾರು ಇರುವುದು ಎಣಿಕೆಯ ಬಗ್ಗೆ. ಮೊಳಕೆ ಪರೀಕ್ಷೆಗೆ 400 ಬೀಜ ಸಾಕು. ರೋಗಕ್ಕೆ ಸಾಲದು. 10 ಸಾವಿರ ಬೀಜಕ್ಕೆ ಒಂದರಲ್ಲಿ ರೋಗ ಇದೆ ಅನ್ನಿ. 400 ತೆಗೆದರೆ ಅದು ಸಿಕ್ಕಿಬೀಳುವ ಸಾಧ್ಯತೆ ಸುಮಾರು ಶೇ 4. 30 ಸಾವಿರ ತೆಗೆದರೆ ಶೇ 95. ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘ ಕಪ್ಪು ಕೊಳೆಗೆ 30 ಸಾವಿರ ಬೀಜ ನೋಡಿ ಎನ್ನುವುದು ಸುಮ್ನೆ ಅಲ್ಲ. ಎಷ್ಟು ಬೀಜ ನೋಡಿದೆವು ಎಂದು ಹೇಳದೆ 'ರೋಗ ಕಂಡಿಲ್ಲ' ಎಂದು ಬರೆದರೆ ನಾನು ಅದನ್ನು ಹೇಗೆ ನಂಬಲಿ?

ಹಾಗಾಗಿ ಯಾವ ದುಂಡಾಣು, ಎಷ್ಟು ಬೀಜ, ಯಾವ ವಿಧಾನ ಎಂಬುದನ್ನು ಲಾಟ್ ನಂಬರಿನ (ಒಟ್ಟಿಗೆ ತಯಾರಾದ ಬೀಜದ ರಾಶಿಗೆ ಕೊಡುವ ಸಂಖ್ಯೆ) ಪಕ್ಕದಲ್ಲೇ ಅಚ್ಚು ಹಾಕುವುದನ್ನು ಕಡ್ಡಾಯ ಮಾಡಿ.

ಸಣ್ಣ ಬೀಜ ಬೆಳೆಗಾರರ ಕಥೆ ಬೇರೆ. ಪರೀಕ್ಷೆಗೆ ಹೋದ ಬೀಜ ಮತ್ತೆ ಬಿತ್ತನೆಗೆ ಬರುವುದಿಲ್ಲ. ಅವರ ಇಡೀ ಲಾಟೇ 30 ಸಾವಿರ ಬೀಜ ಇರಬಹುದು. ಅವರಿಗೆ ಕಡಿಮೆ ಬೀಜದ ಪರೀಕ್ಷೆ ಒಪ್ಪಿ, ಆದರೆ ಆ ಕಡಿಮೆ ಸಂಖ್ಯೆಯನ್ನೇ ಬರೆಸಿ. ಜೊತೆಗೆ ಬೀಜಕ್ಕೆ ಬಿಟ್ಟ ಗಿಡಗಳನ್ನು ಹೊಲದಲ್ಲೇ ತಪಾಸಣೆ ಮಾಡಿಸಿ. ಖರ್ಚಿನಲ್ಲಿ ಒಂದು ಪಾಲು ಇಲಾಖೆ ಹೊರಲಿ.

ಪೊಟ್ಟಣದಲ್ಲಿ ಜಾಗ ಇಲ್ಲ ಎಂದು ಕಂಪನಿಯವರು ಹೇಳಬಹುದು. ಎಲೆಕೋಸಿನ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಲಿ.

ಇತಿ,
ಒಬ್ಬ ಸಸಿ ಬೆಳೆಗಾರ